ನಾಲ್ಕನೇ ತೆನೆ

ಆಗಸ್ಟ್ 27

ಎದ್ದೆ. ನೈಟಿ ಮತ್ತೆ ಒದ್ದೆ. ಮಣಿಪಾಲದ ಡಾಕ್ಟರ್ ಕೊಟ್ಟ ಮಾತ್ರೆ ಮುಗಿಯಿತು, ಹಾಲು ಮುಗಿಯಲಿಲ್ಲ. ಕುಡಿಯುವವಳು ಇಲ್ಲ ಅಂತ ಈ ಮೈಗೆ ಯಾರು ಹೇಳುವುದು?

ಕಾರ್ಕಳದಿಂದ ಹೆಡ್‌ಮಿಸ್ ಫೋನ್. "ಫಿಯೋನಾ, ಮಗು ಇಲ್ಲವಲ್ಲ, ಅಷ್ಟು ಉದ್ದ ಲೀವ್ ಬೇಕಾ? ಒಂಬತ್ತನೆಯವರಿಗೆ ಕನ್ನಡ ಪಾಠವೇ ಆಗಲಿಲ್ಲ." ಹೆತ್ತದ್ದು ನಾನು ಮಿಸ್, ಹೊಲಿಗೆ ಇನ್ನೂ ನೋಯುತ್ತದೆ ಅಂದೆ. ಅಂದೆ ಅಂತ ಬರೆದೆ, ಅಷ್ಟೆ. ನಿಜಕ್ಕೂ ಹೇಳಿದ್ದು "ನೋಡುವ ಮಿಸ್". ಥೂ ನನ್ನ ಬಾಯಿಗೆ.

ಆಗಸ್ಟ್ 30

ಮೊಂತಿ ಫೆಸ್ತ್ ನೊವೆನಾ ಶುರು, ಮೇರಿಯಮ್ಮನ ಹುಟ್ಟುಹಬ್ಬಕ್ಕೆ ಒಂಬತ್ತು ದಿನದ ಪ್ರಾರ್ಥನೆ. ಇಗರ್ಜಿಯ ನಮ್ಮ ವಾರ್ಡಿನ ಮುಖಂಡರು, ಗುರ್ಕಾರ್ ಲಿಯೋನೆಲ್, ಬಂದಿದ್ದರು. ಹಬ್ಬದ ದಿನ ಇಗರ್ಜಿಯಲ್ಲಿ ಹೊಸ ಭತ್ತದ ತೆನೆ ಕೊಡುವುದು, ತಲೆಗೊಂದು. ನನ್ನ ಗಂಡ ಕಾರ್ಲ್ ಕುವೈಟಿನಲ್ಲಿದ್ದರೂ ಅವನಿಗೊಂದು ಉಂಟು, ಕವರಿನಲ್ಲಿ ಹಾಕಿ ಕಳಿಸುತ್ತೇವೆ. ದೂರ ಇದ್ದವರು ಮನೆಯವರಲ್ಲ ಅಂತ ಉಂಟಾ?

ಒಳಗೆ ಕೇಳಿಸಿತು. "ನಾಲ್ಕು ಅಲ್ವಾ ಮೇಬಲ್‌ಬಾಯಿ? ಜೂನ್‌ನಲ್ಲೇ ಲೆಕ್ಕ ಹಾಕಿದ್ದೆ." ಆಗ ನನ್ನ ಹೊಟ್ಟೆ ನೋಡಿ ಒಂದು ಸೇರಿಸಿದ್ದು. ಆಮೇಲೆ ನೆನಪಾಗಿರಬೇಕು, ಮಾತು ನಿಂತಿತು. ಮಾಂಯ್, ಕಾರ್ಲನ ಅಮ್ಮ ಮೇಬಲ್, "ಚಹಾ ತಣಿಯುತ್ತದೆ, ಕುಡಿಯಿರಿ" ಅಂದರು. ನಾಲ್ಕೂ ಅನ್ನಲಿಲ್ಲ, ಮೂರೂ ಅನ್ನಲಿಲ್ಲ.

ಝೀಟಾ. ಅವಳಿಗೆ ಹೆಸರು ಉಂಟು. ಹುಟ್ಟುವಾಗ ಉಸಿರಿರಲಿಲ್ಲ, ಅಷ್ಟೆ. ಈ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ ಆ ಹೆಸರು.

ಸೆಪ್ಟೆಂಬರ್ 3

ಪಕ್ಕದ ಮನೆಯ ಕುಶಲಾ ಮಟ್ಟುಗುಳ್ಳ ಬದನೆ ತಂದು ಕೊಟ್ಟಳು. "ಇನ್ನೊಂದು ಆಗ್ತದೆ ಮಾರಾಯ್ತಿ, ಮರೆತು ಬಿಡು." ಹಲ್ಲು ಬಿದ್ದ ಮಕ್ಕಳಿಗೆ ಹೇಳುವ ಹಾಗೆ. ಒಳ್ಳೆಯವಳೇ. ಆದರೂ ಅವಳು ಮೆಟ್ಟಿಲು ಇಳಿಯುವ ಮೊದಲೇ ಬಾಗಿಲು ಹಾಕಿದೆ.

ಸಂಜೆ ಕಾರ್ಲ್ ಫೋನ್. ಹೆರಿಗೆಗೆ ಅಂತ ರಜೆಯಲ್ಲಿ ಬಂದಿದ್ದ; ಮಗುವನ್ನು ಮಣ್ಣು ಮಾಡಿದ್ದು ಅವನು, ಅವನ ಸೋದರಮಾವ, ಇಬ್ಬರೇ. ನಾನು ಆಸ್ಪತ್ರೆಯಲ್ಲಿ ಮಲಗಿದ್ದೆ.

"ಎಲ್ಲಿ?"

"ಸಿಮಿತ್ರಿ ಗೋಡೆಯ ಬದಿ, ಜ್ಞಾನಸ್ನಾನ ಆಗದ ಮಕ್ಕಳನ್ನು ಹೂಳುವಲ್ಲಿ."

"ಗೋಡೆ ಇಡೀ ಉಂಟಲ್ಲ. ಗುರುತು ಎಂತ ಇಟ್ಟಿದ್ದಿ?"

"ಮಳೆ ಜೋರಿತ್ತು ಫಿಯೋನಾ..."

ಅಳುತ್ತಿದ್ದ ಅಂತ ಕಾಣುತ್ತದೆ. ಕಟ್ ಮಾಡಿದ.

ಸೆಪ್ಟೆಂಬರ್ 8, ಸಂಜೆ

ಪೂಜೆ ಮುಗಿದು ತೆನೆಗೆ ಲೈನ್. ಗುರ್ಕಾರರಿಗೆ ಲೆಕ್ಕ ತಿದ್ದಲು ಮನಸ್ಸು ಬರಲಿಲ್ಲವೋ ಏನೋ, ಮಾಂಯ್ ಕೈಗೆ ನಾಲ್ಕು ಇಟ್ಟರು. ಮಾಂಯ್ ಒಂದನ್ನು ಬೇರೆ ಮಾಡಿ ಹಿಂದೆ ಕೊಟ್ಟರು. "ಮೂರು ಸಾಕು."

"ನಾಲ್ಕು ಸರಿ ಉಂಟು," ಅಂದೆ. "ನಾಲ್ಕನೆಯದು ಝೀಟಾಳದ್ದು. ನನ್ನ ಮಗಳದ್ದು."

ಕ್ಲಾಸಿನ ಸ್ವರ ಬಂದುಬಿಟ್ಟಿತು, ಹಿಂದಿನ ಬೆಂಚಿಗೂ ಕೇಳುವಂಥದ್ದು. ಗುರ್ಕಾರ್ ತೆನೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೇ ಕೊಟ್ಟರು.

ಮನೆಯಲ್ಲಿ ಮಾಂಯ್ ನಮ್ಮಿಬ್ಬರ ಎರಡು ತೆನೆಯ ಕಾಳು ಸುಲಿದು ಹಾಲಿಗೆ ಹಾಕಿದರು. ಕಾರ್ಲನದ್ದು ಕವರಿಗೆ. ಊಟಕ್ಕೆ ಕೂತಾಗ, "ಎಲ್ಲರ ಎದುರು ಹೇಳಬೇಕಿತ್ತಾ?"

"ಬೇಕಿತ್ತು."

ಹರಿವೆ ದಂಟು ಬಡಿಸಿದರು. ಸ್ವಲ್ಪ ಜಾಸ್ತಿಯೇ. ಆಮೇಲೆ ತಟ್ಟೆ ನೋಡುತ್ತಾ ಕೇಳಿದರು, "ಆ ನಾಲ್ಕನೆಯದನ್ನು ಎಲ್ಲಿಗೆ ಕಳಿಸುತ್ತಿ?"

ಸೆಪ್ಟೆಂಬರ್ 9

ತೆನೆ ಹಿಡಿದು ಸಿಮಿತ್ರಿಗೆ ಹೋದೆ. ಕರೆಯದೆಯೇ ಮಾಂಯ್ ಕೊಡೆ ಹಿಡಿದು ಬಂದರು. ಗೋಡೆಯ ಉದ್ದಕ್ಕೂ ಮೊಣಕಾಲೆತ್ತರ ಹುಲ್ಲು. ಶಿಲುಬೆ ಇಲ್ಲ, ಕಲ್ಲಿಲ್ಲ. ಆ ಕೊನೆಯಿಂದ ಈ ಕೊನೆಗೆ ನಡೆದೆ. ಎಲ್ಲಿ ಕಾಲಿಟ್ಟರೂ ಅವಳ ಮೇಲೆಯೇ ಇಟ್ಟೆನೋ ಅಂತ ಹೆದರಿಕೆ. ಅಲ್ಲೇ ಕೂತು ಅತ್ತೆ. ಮಾಂಯ್ ಕೊಡೆ ನನ್ನ ಮೇಲೆ ಹಿಡಿದು ತಾವು ಒದ್ದೆಯಾದರು.

ಗೇಟಿನ ಸದ್ದು. ನಿನ್ನೆ ಲೈನಿನಲ್ಲಿ ನಮ್ಮ ಹಿಂದೆ ನಿಂತಿದ್ದ ಜೋಸ್ಲಿನ್‌ಬಾಯಿ. ಎಂಬತ್ತು ದಾಟಿದವರು. ಕೈಯಲ್ಲಿ ಒಂದು ತೆನೆ, ಅವರದ್ದೇ ಪಾಲಿನದ್ದು.

"ನನ್ನದೂ ಈ ಗೋಡೆಯ ಬದಿಯೇ," ಅಂದರು. "ಗಂಡು."

"ನನಗೆ ಒಂದು ದಿನವೂ ಹೇಳಲಿಲ್ಲ ನೀವು," ಅಂದರು ಮಾಂಯ್.

"ಯಾರು ಕೇಳಿದ್ದು?"

ಎರಡೂ ತೆನೆ ಹುಲ್ಲಿನ ಮೇಲೆ ಇಟ್ಟೆವು. ಜೋಸ್ಲಿನ್‌ಬಾಯಿ ನನ್ನ ಕೈ ಹಿಡಿದುಕೊಂಡರು. "ಟೀಚರ್, ಅವನಿಗೆ ಹೆಸರಿಡಲು ಬಿಡಲಿಲ್ಲ. ಈಗ ಇಟ್ಟರೆ ಆಗ್ತದಾ?"

ಆಗ್ತದೆ ಅಂದೆ.

ಜೋಸ್ಲಿನ್‌ಬಾಯಿ ಗೋಡೆಯ ಕಡೆ ತಿರುಗಿ, ಮೆಲ್ಲಗೆ ಮಗನನ್ನು ಹೆಸರು ಹಿಡಿದು ಕರೆದರು.