ಅಪ್ಪನ ಪುಸ್ತಕದ ಆ ಒಂದು ಸಾಲು

ಇಟ್ಟಮಡು
ಮಂಗಳವಾರ, ೧೧ ನವೆಂಬರ್ ೨೦೨೫

ಮಗಳೇ ತೇಜು,

ಚೆನ್ನಾಗಿದ್ದೀಯಾ ಎಂದು ಕೇಳಿ ಶುರು ಮಾಡಲು ಕೈ ಬರುತ್ತಿಲ್ಲ. ಏಳು ತಿಂಗಳಿಂದ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದೇನೆ, ನೀನೂ "ಹೂಂ" ಅನ್ನುತ್ತಿದ್ದೀಯ. ಇವತ್ತು ಬರೆಯುತ್ತಿರುವುದು ನನಗೇ ಸರಿಯಾಗಿ ಅರ್ಥವಾಗದ ಒಂದು ವಿಷಯ. ಮಾತು ಹಿಂದುಮುಂದಾದರೆ ಬೇಜಾರು ಮಾಡಿಕೊಳ್ಳಬೇಡ.

ಏಪ್ರಿಲ್‌ನಲ್ಲಿ ನೀನು ಯುವರಾಜನನ್ನು, ಗಂಡನ ಮನೆಯನ್ನು ಬಿಟ್ಟು, ಒಂದೇ ಒಂದು ಬ್ಯಾಗು ಹಿಡಿದು ಬಂದಿದ್ದೆ. "ಅಮ್ಮ, ನಾನಿನ್ನು ಅಲ್ಲಿ ಇರಕ್ಕಾಗಲ್ಲ" ಅಂದೆ. ಕಾಫಿ ಕುಡಿಯುವಷ್ಟರಲ್ಲಿ ನಾನು ನಿನಗೆ ಬುದ್ಧಿ ಹೇಳಿ ಮುಗಿಸಿದ್ದೆ. "ಸಹಿಸ್ಕೋಬೇಕು ಕಣೇ, ಬುದ್ಧನೇ ಹೇಳಿದ್ದಾನೆ, ನಿಮ್ಮಪ್ಪನ ಪುಸ್ತಕದಲ್ಲೇ ಇದೆ" ಅಂದೆ. ಅಪ್ಪನ ಹೆಸರು ಬಂದ ಮೇಲೆ ನೀನು ಎದುರಾಡಲಿಲ್ಲ. ನಾನೇ ಆಟೋ ಕರೆದು ವಾಪಸು ಕೋಣನಕುಂಟೆಗೆ ಹತ್ತಿಸಿದೆ.

ಅಪ್ಪ ಜಯನಗರದ ಫುಟ್‌ಪಾತಿನಲ್ಲಿ ಕೊಂಡು ತಂದಿದ್ದ ಆ ಪುಸ್ತಕ ನಿನಗೆ ಗೊತ್ತಲ್ಲ. ನೂರು ವರ್ಷದ ಹಿಂದಿನ ಇಂಗ್ಲಿಷು, ನೀನು, ನಿನ್ನ ಅನ್ನುವುದಕ್ಕೆ ಪುಟದ ತುಂಬ ದೌ, ದೈ. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಅದು ಕಬ್ಬಿಣದ ಕಡಲೆ. ಆದರೂ ಒಂದು ಸಾಲು ಸಿಕ್ಕಿತು: "ಸಫರ್ ದಿ ಅಫ್ಲಿಕ್ಟೆಡ್ ಟು ಎಂಟರ್ ಇನ್." ಫೋನಿನಲ್ಲಿ ಒಂದೊಂದೇ ಪದ ಹುಡುಕಿದೆ. ಸಫರ್ ಅಂದರೆ ನರಳು, ಸಹಿಸು. ಅಫ್ಲಿಕ್ಟೆಡ್ ಅಂದರೆ ನೊಂದವರು. ನೊಂದವರು ಸಹಿಸಿಕೊಂಡು ಮನೆಯೊಳಗೆ ಹೋಗಬೇಕು ಅಂತ ಜೋಡಿಸಿಕೊಂಡೆ. ನಾನು ಹೇಳಿದ್ದು ಸರಿಯಾಗೇ ಇದೆ ಅಂತ ಸಮಾಧಾನವಾಯಿತು.

ಮೊನ್ನೆ ಭಾನುವಾರ ಬುದ್ಧ ವಿಹಾರದಲ್ಲಿ ಬುದ್ಧನ ಮಾತುಗಳ ಕನ್ನಡ ಪುಸ್ತಕ ಓದುವ ಸರದಿ ಕೆಂಪಕ್ಕನದು. ಬನಶಂಕರಿಯಲ್ಲಿ ಸೊಪ್ಪು ಮಾರುತ್ತಾಳಲ್ಲ, ಅವಳೇ. ಐವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಿದಳು: ನೊಂದು ಬಂದವರನ್ನು ಒಳಗೆ ಬರಗೊಡು.

ಅಪ್ಪನ ಪುಸ್ತಕದ ಅದೇ ಸಾಲು ಅಂತ ನನಗೆ ಹೊಳೆಯಿತು. ಇಂಗ್ಲಿಷಿನಲ್ಲಿ ಬೇರೆ ಥರ ಇದೆ, ಇದನ್ನು ತಿಳಿದವರು ಬಿಡಿಸಿ ಹೇಳಬೇಕು ಅಂತ ವಾದಕ್ಕೆ ನಿಂತೆ. ಕೆಂಪಕ್ಕ ನನ್ನ ಮುಖ ನೋಡಿದಳು. "ಕಲ್ಯಾಣಕ್ಕ, ನೊಂದ್ಕೊಂಡ್ ಬಂದೋರ್ನ ಒಳಿಕ್ ಬಿಡು ಅಂತೈತೆ. ಇದ್ರಾಗೆ ಬಿಡ್ಸಿ ಹೇಳಾದೇನೈತೆ?" ಅಂದಳು. ವಿಹಾರದ ಭಿಕ್ಷು ಭಂತೇಜಿಯವರೂ, ಹಳೇ ಇಂಗ್ಲಿಷಿನಲ್ಲಿ ಸಫರ್ ಅನ್ನುವ ಪದಕ್ಕೆ 'ಬಿಡು, ಅವಕಾಶ ಕೊಡು' ಎಂಬ ಅರ್ಥವೂ ಇತ್ತು ಅಂದರು.

ಮನೆಗೆ ಬಂದವಳೇ ಆ ಪುಟ ಮತ್ತೆ ತೆಗೆದೆ. ತಪ್ಪು ಆ ಹಳೇ ಇಂಗ್ಲಿಷಿನದಾ, ಫೋನಿನದಾ, ನನ್ನದಾ? ಇಂಗ್ಲಿಷಿನದೇ ಅಂತ ನಿನಗೆ ಬರೆದುಬಿಡೋಣ ಅನ್ನಿಸಿತು. ಆದರೆ ಆ ಸಾಲಿನ ಕೆಳಗೇ ನೀರು ಕೊಡು, ಚಾಪೆ ಹಾಸು, ಏನನ್ನೂ ಕೇಳಬೇಡ ಅಂತಿದೆ. ವಾಟರ್, ಮ್ಯಾಟ್. ಅವಕ್ಕೆ ಯಾವ ಡಿಕ್ಷನರಿ ಬೇಕು? ಅವತ್ತೂ ಅವನ್ನು ಓದಿದ್ದೆ, ತೇಜು. ಓದಿ ಪುಟ ಮಗುಚಿದ್ದೆ.

ಇನ್ನೊಂದು ಮಾತಿದೆ. ನಿನಗೆ ಪುಸ್ತಕದ ಹೆಸರು ಹೇಳಿದಾಗ ನಾನದನ್ನು ತೆರೆದೇ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮುಟ್ಟಿಯೂ ಇರಲಿಲ್ಲ. ನಿನ್ನ ಆಟೋ ತಿರುವಿನಲ್ಲಿ ಮರೆಯಾದ ಮೇಲೆ ಬೀರುವಿನಿಂದ ತೆಗೆದು, ನಾನು ಆಡಿದ ಮಾತು ಎಲ್ಲಾದರೂ ಇದೆಯಾ ಅಂತ ಹುಡುಕಿದೆ.

ಯಾಕೆ ಹಾಗೆ ಮಾಡಿದೆ ಅಂತ ಈಗಲೂ ಗೊತ್ತಾಗುತ್ತಿಲ್ಲ. ಬೀದಿಯವರ ಭಯವಾ? ಗಂಡನಿಲ್ಲದ ಮನೆಗೆ ಮಗಳೂ ಬಂದು ಕೂತಳು ಅನ್ನುತ್ತಾರೆಂದಾ? ನಿನ್ನೆ ಬ್ಲೌಸ್ ಹೊಲಿಯುವ ಕೆಲಸ ಬಿಟ್ಟು ಕೋಣನಕುಂಟೆಗೆ ಬಂದಿದ್ದೆ. ನಿಮ್ಮ ಗೇಟಿನವರೆಗೂ ಬಂದೆ. ಮಹಡಿ ಮೇಲೆ ನಿನ್ನ ಹಸಿರು ಚೂಡಿದಾರ ಒಣಗುತ್ತಿತ್ತು. ಬಾಗಿಲು ತಟ್ಟಿ ಏನು ಹೇಳಲಿ ಅಂತ ತೋಚದೆ ಬಂದ ಹಾಗೇ ಬಸ್ಸು ಹತ್ತಿ ವಾಪಸಾದೆ.

ನೀನು ಬಾ. ಬಂದು ಏನು ಮಾಡುತ್ತೀಯ, ಎಷ್ಟು ದಿನ ಇರುತ್ತೀಯ ಎಂದೆಲ್ಲ ನಾನು ಕೇಳುವುದಿಲ್ಲ. ನನ್ನ ಮೇಲೆ ಕೋಪವಿದ್ದರೆ ಕೋಪ ಇಟ್ಟುಕೊಂಡೇ ಬಾ.

ನಿನ್ನನ್ನು ವಾಪಸು ಕಳಿಸಿದ ಅಮ್ಮ,
ಕಲ್ಯಾಣಿ

ಮರೆತ ಮಾತು: ಫೋನಿಗೆ ಕಳಿಸದೆ ಕಾಗದ ಬರೆದು, ಅದನ್ನೂ ಜೆ.ಪಿ. ನಗರದ ನಿನ್ನ ಆಫೀಸಿನ ವಿಳಾಸಕ್ಕೆ ಯಾಕೆ ಹಾಕಿದ್ದಾಳೆ ಅಂದುಕೊಳ್ಳಬೇಡ. ನಿನ್ನ ಫೋನನ್ನು ದಿನಾ ಯುವರಾಜ ಕಿತ್ತುಕೊಂಡು ನೋಡುತ್ತಾನೆ, ಕೊಡದಿದ್ದರೆ ಕೈ ಎತ್ತುತ್ತಾನೆ ಅಂತ ಏಪ್ರಿಲ್‌ನ ಆ ದಿನ ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದೆ. ನಾನು ಮಿಕ್ಸಿ ಹಾಕಿದೆ. ನನಗೆ ಕೇಳಿಸಿತ್ತು.