ಯಾರಪ್ಪನ ಮರ

ಅಪ್ಪಾ,

ನೀನು ತೀರಿಕೊಂಡ ಮೇಲೆ ಬಂದ ಮೊದಲ ಬಿರುಗಾಳಿಗೆ ನೀನು ನೆಟ್ಟ ಹಿತ್ತಲಿನ ಮರ ಬುಡಸಮೇತ ಉರುಳಿತು. ನಮ್ಮ ಅಡುಗೆಮನೆಯ ಹೆಂಚು, ಪಕ್ಕದ ಮನೆ ಮಾವನ ಗೋಡೆ ಎರಡೂ ಪುಡಿ. ಅಮ್ಮ ಒಲೆಯನ್ನು ನಡುಮನೆಗೆ ಸಾಗಿಸಿದ್ದಾಳೆ. ಬೆಳಗಿನಿಂದ ಕೊಂಬೆ ಕೊಯ್ದು, ಎಳೆದು ನನ್ನ ಅಂಗೈ ತುಂಬ ಬೊಬ್ಬೆ.

ಮರ ಗಡಿಯ ಮೇಲೇ ಇತ್ತಲ್ಲ, ನೀನೂ ಮಾವನೂ "ನಮ್ಮದು, ನಮ್ಮದು" ಎಂದು ವರ್ಷಗಟ್ಟಲೆ ಕಿತ್ತಾಡಿದಿರಿ. ಖಾಸಗಿ ಆಸ್ತಿಯೇ ಬೇಡ ಎನ್ನುವ ಕರಪತ್ರ ಕೈಯಲ್ಲಿ ಹಿಡಿದು ನಾನು ನಡುವೆ ನುಗ್ಗಿ, "ಮರ ಯಾರಪ್ಪನ ಸ್ವತ್ತೂ ಅಲ್ಲ!" ಎಂದು ನಿನ್ನ ಮೇಲೇ ಕೂಗಿದ್ದೆ. ನೀನು ನಕ್ಕುಬಿಟ್ಟೆ. "ಆಯ್ತು ನಾಯಕರೇ, ಅದರ ನೆರಳಲ್ಲೇ ಕೂತು ಓದ್ಕೊಳ್ಳಿ" ಅಂದೆ.

ಇವತ್ತು ಮಾವ ಮುರಿದ ಗೋಡೆಯಾಚೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಏನೋ ಕ್ರಾಂತಿ, ಮರ ಯಾರಪ್ಪಂದೂ ಅಲ್ಲ ಅಂತಿದ್ದೆ. ಈಗ ನನ್ ಗೋಡೆ ಯಾರಪ್ಪ ಕಟ್ತಾನೆ?"

ಆ ಕರಪತ್ರವನ್ನು ನಾನು ಈಗಲೂ ನಂಬುತ್ತೇನೆ. ವಾದವೂ ಬಾಯಿಗೆ ಬಂದಿತ್ತು. ಆದರೆ ತುಂಬ ದಣಿದಿದ್ದೆ.

"ಮರ ನಮ್ಮಪ್ಪಂದೇ ಮಾವ. ಗೋಡೆ ನಾನು ಕಟ್ತೀನಿ" ಅಂದೆ.

ಅವರು ಇಟ್ಟಿಗೆ ದಾಟಿ ಬಂದು ಗರಗಸದ ಇನ್ನೊಂದು ತುದಿ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಕಾಂಡವೂ ತುಂಡಾಯಿತು.

ಹಿತ್ತಲಿನಲ್ಲಿ ಈಗ ಎಲ್ಲಿ ಕೂತರೂ ಬಿಸಿಲು.