ಬಾರದವನ ಜಾಗರಣೆ

ಕಿಲ್ಲಿಬೆಗ್ಸ್, ಡೊನೆಗಾಲ್
೧೯ ನವೆಂಬರ್ ೨೦೧೮, ಸೋಮವಾರ

ಪ್ರೀತಿಯ ಫಿಲೊಮಿನಕ್ಕನಿಗೆ,

ಸೊಂಟಕ್ಕೆ ಹಾಕಿದ ಹೊಸ ಕೀಲು ಹೊಂದಿಕೊಂಡಿತೇ? ಊರುಗೋಲು ಹಿಡಿದು ನಡೆಯುತ್ತಿದ್ದೀಯೋ, ಇಲ್ಲ ಅದನ್ನೇ ಎತ್ತಿ ಲಿವರ್‌ಪೂಲಿನ ನರ್ಸುಗಳನ್ನು ಹೆದರಿಸುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಮಳೆ ಮಾತ್ರ ಬಿಟ್ಟಿಲ್ಲ.

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಎರಡರಲ್ಲೂ ನೀನು ಕೇಳಿದ್ದು ಒಂದೇ ಮಾತು: ಫಿಂಟನ್‌ಗೆ ಚರ್ಚಿನಲ್ಲಿ ಪೂಜೆ ಯಾವಾಗ ಇಡಿಸುತ್ತೀ, ಅವರಪ್ಪನ ಸಮಾಧಿಯ ಕಲ್ಲಿನ ಮೇಲೆ ಅವನ ಹೆಸರು ಯಾವಾಗ ಕೆತ್ತಿಸುತ್ತೀ ಎಂದು. ಮೀನಿಗೆ ಹೋದ ದೋಣಿ ಸಿಕ್ಕಿತು, ಮಗ ಸಿಗಲಿಲ್ಲ. ಹೆಣವೂ ಸಿಗದ ಮಗನಿಗೆ ಪೂಜೆ ಇಡಿಸಿದರೆ ನಾನೇ ಕೈಯಾರೆ ಅವನನ್ನು ಮುಳುಗಿಸಿದ ಹಾಗೆ ಎಂದುಕೊಂಡು ಎರಡು ವರ್ಷ ಕುಳಿತಿದ್ದೆ. ಅಂಗಡಿಯಲ್ಲಿ ಯಾರಾದರೂ ಮಾತು ತೆಗೆದರೆ "ಇನ್ನೂ ಸಿಕ್ಕಿಲ್ಲ" ಎಂದುಬಿಡುತ್ತಿದ್ದೆ. ಆಮೇಲಾಮೇಲೆ ಜನ ನನ್ನನ್ನು ಕಂಡರೆ ಬ್ರೆಡ್ಡಿನ ಸಾಲಿನಿಂದ ಸೋಪಿನ ಸಾಲಿಗೆ ಹೋಗತೊಡಗಿದರು. ಅವರ ತಪ್ಪೇನಿಲ್ಲ, ಏನು ಹೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ಈಗ ಮಗಳು ಡಿಂಪ್ನಾಳ ಸುದ್ದಿ. ಅವಳೊಬ್ಬಳೇ ಆಡುವ ನಾಟಕವೊಂದನ್ನು ಬರೆದು ಗಾಲ್ವೇಯಲ್ಲಿ ಆಡಿದಳೆಂದು ಫೋನಿನಲ್ಲಿ ಹೇಳಿದ್ದೆನಲ್ಲ. ಅದರ ಕಥೆಯನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ಅದು ಫಿಂಟನ್‌ನ ಜಾಗರಣೆಯ ಕಥೆ. ನಮ್ಮಲ್ಲಿ ಸತ್ತವರನ್ನು ಮನೆಯಲ್ಲಿ ಮಲಗಿಸಿ, ಟೀ ಕುಡಿಯುತ್ತ, ಜಪಮಾಲೆ ಹೇಳುತ್ತ, ನಗುತ್ತ ಅಳುತ್ತ ಬೆಳಗಿನವರೆಗೆ ಕಾಯುತ್ತೇವಲ್ಲ, ಅವನಿಗೆ ಸಿಗದೇ ಹೋದ ಆ ಒಂದು ರಾತ್ರಿ. ಬಂದು ಹೋಗುವವರೆಲ್ಲರೂ ಅವಳೇ. ಪಾದ್ರಿಯೂ ಅವಳೇ, ಕುಡುಕನೂ ಅವಳೇ, ನಾನೂ ಅವಳೇ.

ಅದನ್ನು ನಮ್ಮೂರಿನ ಹಾಲ್‌ನಲ್ಲೇ ಆಡುತ್ತೇನೆಂದಾಗ ನನಗೆ ಮೈಯೆಲ್ಲ ಉರಿಯಿತು.

"ಹೆಣ ಇಲ್ದೆ ಎಂಥ ಜಾಗರಣೆಯೇ? ನಿನ್ನ ತಮ್ಮನ್ನ ಇಟ್ಕೊಂಡು ಊರೋರನ್ನ ನಗಿಸ್ತೀಯಾ?" ಎಂದೆ.

"ನಗಿಸ್ತೀನಮ್ಮ. ಅವನು ಇದ್ದಿದ್ರೆ ಮುಂದಿನ ಸಾಲಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗ್ತಿದ್ದ. ನೀನು ಬೇಡ ಅಂದ್ರೆ ಆಡಲ್ಲ. ಆದ್ರೆ ಒಂದ್ಸಲ ನೋಡಿಬಿಟ್ಟು ಬೇಡ ಅನ್ನು" ಎಂದಳು.

ಹಟ ನಿನ್ನದೇ, ಅಕ್ಕ. ನಮ್ಮ ಮನೆಯಲ್ಲಿ ಬೇರೆ ಯಾರಿಂದ ಬಂದೀತು?

ಶುಕ್ರವಾರ ಸಂಜೆ ಹಾಲ್‌ಗೆ ಹೋದೆ. ಬಾಗಿಲಲ್ಲೇ ಕಾಲು ನಿಂತಿತು. ಊರೆಲ್ಲ ಕಪ್ಪು ಕೋಟು ಹಾಕಿಕೊಂಡು ಬಂದಿತ್ತು. ಹಿಂದಿನ ಅಡುಗೆಮನೆಯ ಮೇಜಿನ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್, ಹಣ್ಣಿನ ಕೇಕ್, ಬಿಸಿ ಸೋಡಾ ಬ್ರೆಡ್, ಬಟ್ಟೆ ಮುಚ್ಚಿದ ತಟ್ಟೆಗಳ ಮೇಲೆ ತಟ್ಟೆ. ಯಾರೂ ಯಾರಿಗೂ ಹೇಳಿರಲಿಲ್ಲವಂತೆ. ನಾಟಕವೆಂದು ಎಲ್ಲರಿಗೂ ಗೊತ್ತು, ಟಿಕೆಟ್ ಕೂಡ ಕೊಂಡಿದ್ದಾರೆ. ಆದರೂ ಜಾಗರಣೆ ಎಂಬ ಹೆಸರಿನ ಕಡೆಗೆ ಬರಿಗೈಲಿ ಹೊರಡಲು ಒಬ್ಬರಿಗೂ ಮನಸ್ಸು ಒಪ್ಪಿಲ್ಲ. ಡಿಂಪ್ನಾ ಪರದೆಯ ಸಂದಿಯಿಂದ ಇಣುಕಿ, "ಅಮ್ಮಾ, ಗಾಲ್ವೇಯಲ್ಲಿ ಒಬ್ಬರೂ ಒಂದು ಬಿಸ್ಕತ್ತೂ ತರ್ಲಿಲ್ಲ!" ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ವೇದಿಕೆಯ ಮೇಲೆ ನಮ್ಮ ಅಡುಗೆಮನೆಯ ಮೇಜು, ನಿಲ್ಲಿಸಿದ ಗಡಿಯಾರ, ಒಂದು ಖಾಲಿ ಕುರ್ಚಿ. ಕುರ್ಚಿಯ ಬೆನ್ನಿಗೆ ಫಿಂಟನ್‌ನ ಹಳದಿ ಮಳೆಕೋಟು. ಅದನ್ನು ನೋಡಿ ಎದ್ದು ಹೋಗಬೇಕೆನಿಸಿತು. ಅಷ್ಟರಲ್ಲಿ ಅವಳು ನನ್ನ ಏಪ್ರನ್ ಕಟ್ಟಿಕೊಂಡು ಬಂದು, "ಚಿನ್ನದ ಅಂಚಿನ ಕಪ್ಪು ಯಾರು ತೆಗೆದಿದ್ದು? ಅದು ಬಿಷಪ್ಪರಿಗೆ! ನಿಮಗೆ ಆ ಹಿಡಿ ಮುರಿದಿದ್ದು ಸಾಲ್ದಾ?" ಎಂದು ಗದರಿದಳು. ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಅಕ್ಕ, ನಾನು ನಿಜವಾಗಿಯೂ ಹಾಗೆ ಮಾತಾಡುತ್ತೇನೆಯೇ? ನಾಟಕದಲ್ಲಿ ನೀನೂ ಇದ್ದೀಯ, ಸಂಭ್ರಮ ಬೇಡ. ಗರಿ ಸಿಕ್ಕಿಸಿದ ಹ್ಯಾಟ್ ಹಾಕಿಕೊಂಡು, "ಇಂಗ್ಲೆಂಡಿನಲ್ಲಿ ಯಾರೂ ಇಷ್ಟು ಕಡು ಟೀ ಕುಡಿಯೋದಿಲ್ಲಪ್ಪ" ಎನ್ನುತ್ತ ಮೂರನೆಯ ಕಪ್ಪಿಗೆ ಕೈ ಚಾಚುತ್ತೀಯ. ಆಗ ನನಗೆ ತಡೆಯಲಾಗಲಿಲ್ಲ. ಎರಡು ವರ್ಷದಲ್ಲಿ ಹಾಗೆ ನಕ್ಕಿರಲಿಲ್ಲ. ನಕ್ಕದ್ದಕ್ಕೆ ಮರುಗಳಿಗೆಯೇ ನಾಚಿಕೆಯೂ ಆಯಿತು.

ಪ್ಯಾಕಿ ಮೆಕ್‌ಗಿನ್ಲಿಯನ್ನೂ ಬಿಟ್ಟಿಲ್ಲ ಅವಳು. ಸುತ್ತಲಿನ ಒಂದು ಜಾಗರಣೆಯನ್ನೂ ತಪ್ಪಿಸದೆ, ಸತ್ತವರ ಗುಣಗಾನ ಮಾಡುತ್ತಲೇ ಸ್ಯಾಂಡ್‌ವಿಚ್ ಜೇಬಿಗಿಳಿಸುವ ಪ್ಯಾಕಿ. ಅವನು ನನ್ನ ಹಿಂದೆಯೇ ಕುಳಿತು, "ಅದು ನಾನೇ, ನಾನೇ!" ಎಂದು ಪಕ್ಕದವರಿಗೆ ತಿವಿಯುತ್ತಿದ್ದ. ಎಲ್ಲರೂ ಹುಡುಕಾಟ ನಿಲ್ಲಿಸಿದ ಮೇಲೂ ತನ್ನ ಪುಟ್ಟ ದೋಣಿ ತೆಗೆದುಕೊಂಡು ದಿನಾ ಹೋಗುತ್ತಿದ್ದವನೂ ಇದೇ ಪ್ಯಾಕಿ.

ಕೊನೆಗೆ ಬಂದವರೆಲ್ಲ ಹೋದರೆಂಬಂತೆ ಡಿಂಪ್ನಾ ಕಪ್ಪುಗಳನ್ನು ಜೋಡಿಸಿಟ್ಟು, ಖಾಲಿ ಕುರ್ಚಿಯ ಎದುರು ಕುಳಿತು, ಆ ಮಳೆಕೋಟಿನ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಹಾಕಿದಳು. ಶಾಲೆಗೆ ಹೊರಟ ಅವನಿಗೆ ಹಾಕುತ್ತಿದ್ದಳಲ್ಲ, ಹಾಗೆ. ದೀಪ ಆರಿ ಮತ್ತೆ ಹೊತ್ತಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಕುರ್ಚಿ ಸರಿದ ಸದ್ದಾಯಿತು. ಪ್ಯಾಕಿ ಎದ್ದು, ಟೋಪಿ ತೆಗೆದು, ಸುತ್ತಿ ಬಂದು ನನ್ನ ಮುಂದೆ ನಿಂತು ಕೈ ಚಾಚಿದ. ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಮೀನು ಕಾರ್ಖಾನೆಯ ಹುಡುಗಿಯರು, ಫಾದರ್ ಡೆವಿನ್, ಸಾಲು ಬಾಗಿಲಿನವರೆಗೂ ಬೆಳೆಯಿತು. ಸಾವಿನ ಮನೆಯಲ್ಲಿ ನಿಲ್ಲುವ ಸಾಲು. ನಾನು ಮುಂದಿನ ಸಾಲಿನಲ್ಲಿ, ಮನೆಯವರು ಕೂರುವ ಜಾಗದಲ್ಲಿ ಕುಳಿತಿದ್ದೇನೆಂದು ಆಗಲೇ ನನಗೆ ಹೊಳೆದದ್ದು. ಕೈ ಕೊಟ್ಟರೆ ಮಗ ಹೋದನೆಂದು ಒಪ್ಪಿಕೊಂಡ ಹಾಗೆ. ನಾನು ಕೈಗಳನ್ನು ಮಡಿಲಲ್ಲೇ ಬಿಗಿಹಿಡಿದುಕೊಂಡೆ. ಮೇಲೆ ಡಿಂಪ್ನಾ ನನ್ನ ಏಪ್ರನ್‌ನಲ್ಲೇ ನಿಂತು ನೋಡುತ್ತಿದ್ದಳು.

ಪ್ಯಾಕಿ ಬಗ್ಗಿ ಮೆಲ್ಲಗೆ, "ಕಾನ್ಸೆಪ್ಟಾ, ಕೈ ಕೊಡವ್ವ. ನಂಗೆ ಮಂಡಿ ನೋವು, ಹಿಂದೆ ಊರೇ ನಿಂತಿದೆ. ಎರಡು ವರ್ಷದಿಂದ ನಿಂತಿದೆ" ಎಂದ.

ಕೊಟ್ಟೆ.

"ನಿಂಗೆ ಹಿಂಗಾಗಬಾರದಿತ್ತು" ಎಂದ.

"ಹೌದು ಪ್ಯಾಕಿ, ಆಗಬಾರದಿತ್ತು" ಎಂದೆ.

ಆಮೇಲೆ ಎಲ್ಲರೂ ಬಂದರು, ಎಲ್ಲರೂ ಅದನ್ನೇ ಹೇಳಿದರು. ಒಂದೊಂದು ಕೈಗೂ ನಾನು ಅತ್ತೆ. ಸಾಲಿನ ಕೊನೆಯಲ್ಲಿ ಡಿಂಪ್ನಾ ಬಂದಳು. ಅವಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡೆ. ಸತ್ತವನ ಅಕ್ಕನೆಂದು ಜನ ಮತ್ತೆ ತಿರುಗಿ ಬಂದು ಅವಳ ಕೈಯನ್ನೂ ಹಿಡಿದರು. ಆಮೇಲೆ ಸ್ಯಾಂಡ್‌ವಿಚ್ ತಿಂದೆವು. ಪ್ಯಾಕಿಯ ಜೇಬು ಉಬ್ಬಿತ್ತು, ಈ ಸಲ ನಾನೇ ತುಂಬಿದೆ.

ಅಕ್ಕ, ನಿನ್ನ ಪ್ರಶ್ನೆಗೆ ಉತ್ತರ ಇದು. ಡಿಸೆಂಬರ್ ಮೊದಲ ಭಾನುವಾರ ಪೂಜೆ. ಅಪ್ಪನ ಹೆಸರಿನ ಕೆಳಗೆ ಮಗನ ಹೆಸರು ಕೆತ್ತಲು ಹೇಳಿದ್ದೇನೆ. ಸೊಂಟ ಬಿಟ್ಟರೆ ಬಾ. ಟೀ ತೆಳ್ಳಗೆ ಮಾಡಿಕೊಡುತ್ತೇನೆ. ದೇವರೂ ಮಾತೆ ಮರಿಯಳೂ ನಿನ್ನನ್ನು ಕೈಹಿಡಿದು ನಡೆಸಲಿ.

ನಿನ್ನ ತಂಗಿ,
ಕಾನ್ಸೆಪ್ಟಾ

ಮರೆತಿದ್ದೆ: ನಾಟಕದಲ್ಲಿ ಎಲ್ಲರೂ ಮಾತಾಡುತ್ತಾರೆ, ಫಿಂಟನ್ ಒಬ್ಬನನ್ನು ಬಿಟ್ಟು. "ನನ್ನ ಮಗನಿಗೆ ಒಂದು ಮಾತೂ ಕೊಡ್ಲಿಲ್ವಲ್ಲೇ" ಎಂದು ಮನೆಗೆ ಬಂದ ಮೇಲೆ ಡಿಂಪ್ನಾಳನ್ನು ಕೇಳಿದೆ. "ಅಮ್ಮಾ, ಅವನ ನಡಿಗೆ ಬರುತ್ತೆ, ನಗು ಬರುತ್ತೆ. ದನಿ ಬರ್ತಿಲ್ಲ. ತುಂಬಾ ಪ್ರಯತ್ನಪಟ್ಟೆ" ಎಂದಳು. "ಎಂಥ ಅಕ್ಕನೇ ನೀನು" ಎಂದು ಅವಳ ಮೇಲೆ ರೇಗಿದೆ. ಬೆಳಿಗ್ಗೆ ಪಾತ್ರೆ ತೊಳೆಯುತ್ತ ನಾನೇ ಪ್ರಯತ್ನಿಸಿದೆ. "ಅಮ್ಮಾ, ಟೀ ಇದೆಯಾ?" ದಿನಾ ಹಿಂಬಾಗಿಲಲ್ಲಿ ಬೂಟು ಬಿಚ್ಚುತ್ತ ಕೇಳುತ್ತಿದ್ದ ಮಾತು. ಮಾತು ಬಂತು, ಅಕ್ಕ, ನನ್ನ ದನಿಯಲ್ಲೇ ಬಂತು. ಅವನ ದನಿ ನನಗೂ ನೆನಪಿಲ್ಲ. ನೀನು ಭಾನುವಾರಗಳಲ್ಲಿ ಅವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ, ನಿನಗೆ ಅವನು ಬರೀ ದನಿಯೇ ಆಗಿದ್ದ. ನಿನ್ನ ಕಿವಿಯಲ್ಲಿ ಇನ್ನೂ ಇದ್ದರೆ ಕಾಗದದಲ್ಲಿ ಬರೆಯಬೇಡ. ಬಂದು ಹೇಳು.